ಇಲ್ಲದ ಬಾವಿಗೆ ಒಂದು ಸುತ್ತು

ಸಂತೆಗೆ ಹೊರಟ ಕಾಡವ್ವನ ಹಿಂದೆ ನೆಲದ ಮೇಲೆ ಬೀಳುತ್ತ ಬಂದ ಬಿಳಿಯ ಗೆರೆ, ರಾಚಪ್ಪನ ಹಾರ್ಡ್‌ವೇರ್ ಅಂಗಡಿಯ ಎದುರಿನ ಬಯಲಿನಲ್ಲಿ ಇದ್ದಕ್ಕಿದ್ದಂತೆ ಎಡಕ್ಕೆ ಬಾಗಿತು. ಅಲ್ಲಿ ಕಲ್ಲಿರಲಿಲ್ಲ, ಕಂಬವಿರಲಿಲ್ಲ, ಮಲಗಿದ ದನವೂ ಇರಲಿಲ್ಲ. ಆದರೂ ಗೆರೆ ಏನನ್ನೋ ಬಳಸಿಕೊಂಡು ಹೋಗಿ, ಆಚೆ ಬದಿಯಲ್ಲಿ ಮತ್ತೆ ನೆಟ್ಟಗಾಗಿತ್ತು.

ಗೆರೆ ಬಿಡುತ್ತಿದ್ದವಳು ಮೊಮ್ಮಗಳು ಮಯೂರಿ. ಧಾರವಾಡದಲ್ಲಿ ಚಿತ್ರಕಲೆ ಕಲಿತು ಗೋಕಾಕಿಗೆ ಮರಳಿದ್ದ ಆಕೆಗೆ ಕುಂಚಕ್ಕಿಂತ ಕಾಲಿನ ಮೇಲೆ ಹೆಚ್ಚು ನಂಬಿಕೆ. ಅರಿವೆಯ ಚೀಲದಲ್ಲಿ ರಂಗೋಲಿ ಪುಡಿ ತುಂಬಿ, ತಳಕ್ಕೊಂದು ತೂತು ಮಾಡಿ, ಯಾರಾದರೊಬ್ಬರ ಹಿಂದೆ ಅವರ ಹೆಜ್ಜೆಯ ಮೇಲೆಯೇ ನಡೆಯುವುದು. ಆಮೇಲೆ ಯಾವುದಾದರೂ ಮಾಳಿಗೆಯೇರಿ ಆ ಗೆರೆಯ ಫೋಟೊ ತೆಗೆಯುವುದು. ಇದೇ ಆಕೆಯ ಚಿತ್ರ. ಊರಿನಲ್ಲಿ ಯಾರಿಗೆ ಎಲ್ಲಿ ಹಾದಿ ಸರಾಗ, ಯಾರಿಗೆ ಎಲ್ಲಿ ಅಳುಕು ಎಂಬುದನ್ನು ನಕಾಶೆ ಹೇಳುವುದಿಲ್ಲ, ನಡೆದ ಗೆರೆ ಹೇಳುತ್ತದೆ ಎಂದು ಆಕೆ ವಾದಿಸುತ್ತಿದ್ದಳು. ಹುಕ್ಕೇರಿಯಲ್ಲಿ ಸೋದರತ್ತೆ ಲಕ್ಕವ್ವನ ಹಿಂದೆ ನಡೆದಾಗ, ಅತ್ತೆ ಮಾತಿಗೆ ನಿಂತ ಬಾಗಿಲುಗಳ ಮುಂದೆಲ್ಲ ಪುಡಿ ಗುಡ್ಡೆ ಬಿದ್ದು ಗೆರೆ ಮಣಿಸರದಂತಾಗಿತ್ತು. ಮೂಡಲಗಿಯ ದನದ ಸಂತೆಯಲ್ಲಿ ದಲ್ಲಾಳಿಯೊಬ್ಬನ ಹಿಂದೆ ನಡೆದಾಗ, ಎಮ್ಮೆಗಳೇ ಗೆರೆಯನ್ನು ತುಳಿದು ಅಳಿಸಿ ಚಿತ್ರವನ್ನು ತಮ್ಮದಾಗಿಸಿಕೊಂಡಿದ್ದವು. ಅವೆರಡೂ ಆಕೆಗೆ ಅರ್ಥವಾಗಿದ್ದವು. ಅಜ್ಜಿಯ ಈ ಬಾಗು ಮಾತ್ರ ಅರ್ಥವಾಗಲಿಲ್ಲ.

"ಆಯಿ, ಇಲ್ಲ್ಯಾಕ ಸುತ್ತ ಹಾಕಿದಿ?"

"ಎಲ್ಲಿ?"

"ಇಲ್ಲೇ. ಹೊಳ್ಳಿ ನೋಡು, ನಿನ್ನ ಗೆರಿ ಹಾವಿನಂಗ ಆಗೇತಿ."

ಕಾಡವ್ವ ತಿರುಗಿ ನೋಡಿದಳು. "ನನ್ನ ಗೆರಿ ಯಾವಾಗಾತ? ಚೀಲ ನಿಂದು, ತೂತು ನಿಂದು," ಎಂದವಳೇ ಕೊತ್ತಂಬರಿ ಮಾರುವವರ ಸಾಲಿನತ್ತ ನಡೆದಳು.

ಮರುದಿನ ಮಯೂರಿ ಆ ಬಯಲಿಗೆ ಎದುರಾಗಿದ್ದ ಮಾಳಿಗೆಯೊಂದನ್ನು ಏರಿ ಕುಳಿತಳು. ಪೇಟೆಯ ಕಡೆಯಿಂದ ಬಂದವರು ಬಯಲನ್ನು ನಡುಮಧ್ಯದಲ್ಲಿ ದಾಟುತ್ತಿದ್ದರು. ಹೊಳೆಯ ಕಡೆಯ ತನ್ನ ಕೇರಿಯಿಂದ ಬಂದವರು ಮಾತ್ರ ಆ ಜಾಗಕ್ಕೆ ಬಂದೊಡನೆ ಎಡಕ್ಕೆ ಸರಿಯುತ್ತಿದ್ದರು. ಮೊಬೈಲಿನಲ್ಲಿ ಕಣ್ಣು ನೆಟ್ಟ ಹುಡುಗರೂ ಸರಿಯುತ್ತಿದ್ದರು. ಬ್ಯಾಂಕಿನಲ್ಲಿ ನೌಕರಿ ಮಾಡುವ ಸಂಘಮಿತ್ರಾ ಕೆಲಸಕ್ಕೆ ತಡವಾಗಿ ಓಡುತ್ತಿದ್ದಳು. ಆಕೆಯೂ ಓಡುತ್ತಲೇ ಸರಿದಳು. ಕೆಳಗಿಳಿದು ಹೋಗಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಸರದ್ನೇನ? ನನಗ ಗೊತ್ತಿಲ್ಲಬೇ." ಮಯೂರಿಗೆ ನಗು ಬಂತು. ಆ ನಗೆ ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ಬಯಲು ದಾಟಿದ ಮೇಲೆ ತಿರುಗಿ ನೋಡಿದರೆ, ಧೂಳಿನಲ್ಲಿ ಆಕೆಯ ಹೆಜ್ಜೆಗಳೂ ಬಾಗಿದ್ದವು.

ಅಂದು ಸಂಜೆ ಕಾಡವ್ವ ರೊಟ್ಟಿ ಬಡಿಯುತ್ತಿದ್ದಾಗ ಮೊಮ್ಮಗಳು ಒಲೆಯ ಬದಿಗೆ ಕುಳಿತು ಮತ್ತೆ ಕೇಳಿದಳು.

"ಬಾಂವಿ ಐತಲ್ಲ ಅಲ್ಲಿ," ಎಂದಳು ಕಾಡವ್ವ.

"ಎಲ್ಲೈತಿ?"

"ಐತಿ ಅಂದ್ರ, ಇತ್ತು. ಸೇದೋ ಬಾಂವಿ. ನಾವು ಹಂತೇಕ ಹೋಗಾಂಗಿರಲಿಲ್ಲ. ನಮ್ಮ ನೆಳ್ಳ ನೀರಾಗ ಬೀಳಬಾರ್ದಂತ ಅಷ್ಟ ದೂರ ಸುತ್ತ ಹಾಕಿ ಹೋಗಬೇಕಿತ್ತು. ಯಾರರೆ ಪುಣ್ಯೇವಂತ್ರು ಬಂದು ಮ್ಯಾಲಿಂದ ಸುರದ್ರ ಕೊಡ ತುಂಬತಿತ್ತು, ಇಲ್ಲಾಂದ್ರ ಹೊಳಿಗೆ ಹೋಗೂದು." ರೊಟ್ಟಿಯನ್ನು ಹೆಂಚಿಗೆ ಹಾಕಿ, ಅದು ಉಬ್ಬಿದ ಮೇಲೆ ಮಗುಚಿದಳು. ಆಮೇಲೆ, "ಒಂದಿನ ನಾವು ಹೆಣಮಕ್ಕಳೆಲ್ಲಾ ಕೂಡಿ ಹೋಗಿ ನಾವ ಸೇದಿದ್ವಿ. ಅಲ್ಲೇ ನಿಂತು ಕುಡದ್ವಿ. ಆ ವಾರದಾಗ ಪ್ಯಾಟಿ ಓಣಿ ಹಿರ್ಯಾರು ಬಂಡಿಗಟ್ಟಲೆ ಕಲ್ಲು ಮಣ್ಣು ತರಿಸಿ ಬಾಂವಿ ಮುಚ್ಚಿಸಿ ಬಿಟ್ರು," ಎಂದಳು.

ಮಯೂರಿ ಆ ರಾತ್ರಿ ತಾನು ತೆಗೆದ ಫೋಟೊಗಳನ್ನು ಮತ್ತೆ ನೋಡಿದಳು. ಬಾವಿ ಮುಚ್ಚಿತ್ತು, ಅದರ ಕಟ್ಟಳೆ ಮಾತ್ರ ಕಾಲುಗಳಲ್ಲಿ ಉಳಿದಿತ್ತು. ಬಾವಿಯ ಹೆಸರನ್ನೇ ಕೇಳದ ಹುಡುಗರ ಕಾಲುಗಳಲ್ಲಿ, ತನ್ನ ಕಾಲುಗಳಲ್ಲಿ ಕೂಡ. ಸೋಮವಾರದಿಂದ ನಗರಸಭೆ ಆ ಬಯಲಿಗೆ ಪೇವರ್ಸ್ ಎಂಬ ಸಿಮೆಂಟು ಇಟ್ಟಿಗೆ ಹಾಸಿ ಗಾಡಿ ನಿಲ್ಲಿಸುವ ಜಾಗ ಮಾಡಲಿದೆ ಎಂಬ ಸುದ್ದಿ ಎಲ್ಲರಿಗೂ ತಿಳಿದಿತ್ತು. ಒಮ್ಮೆ ಸಿಮೆಂಟು ಬಿದ್ದು ಬೈಕುಗಳು ಸಾಲುಗಟ್ಟಿದರೆ, ಅಲ್ಲೊಂದು ಬಾವಿಯಿತ್ತೆಂದು ಹೇಳಲು ಈ ಬಾಗಿದ ಹೆಜ್ಜೆಯೂ ಉಳಿಯದು. ಅದಕ್ಕೆ ಮೊದಲು, ಆದಿತ್ಯವಾರ ಸಂಜೆ, ಇಡೀ ಕೇರಿ ಆ ಜಾಗವನ್ನು ನಡುಮಧ್ಯದಲ್ಲಿ ನೆಟ್ಟಗೆ ದಾಟಬೇಕು ಎಂದು ಆಕೆ ನಿಶ್ಚಯಿಸಿದಳು. ಮನೆಮನೆಗೆ ಹೋಗಿ ಕರೆದಳು. ಎಲ್ಲ ಮನೆಗಳಲ್ಲೂ ಒಂದೇ ಮಾತು: "ಕಾಡವ್ವಾಯಿ ಮುಂದ ನಡದ್ರ ನಾವೂ ಬರ್ತೇವಿ."

ಕಾಡವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ನೋಡೂಣು ತಡಿ," ಎಂದಳು.

ಆದಿತ್ಯವಾರ ಬಿಸಿಲು ಇಳಿಯುವ ಹೊತ್ತಿಗೆ ಬಯಲಿನ ಅಂಚಿನಲ್ಲಿ ಕೇರಿಯ ಮಂದಿ ಕೂಡಿದ್ದರು. ಮಂದಿ ಕಂಡಲ್ಲಿ ಪೊಲೀಸರು ಬರಬೇಕಲ್ಲ, ಪೇದೆ ಮಲ್ಲೇಶ ಬೈಕು ನಿಲ್ಲಿಸಿ ಬಂದ.

"ಏನ್ರಿ ಇದು, ಮೋರ್ಚಾ?"

"ಅಲ್ರಿ, ಅಡ್ಡಾಡಾಕ ಬಂದೇವಿ," ಎಂದಳು ಮಯೂರಿ.

"ಇಷ್ಟ ಮಂದಿ ಕೂಡಿ ಅಡ್ಡಾಡತಾರೇನ್ರಿ? ಪರವಾನಗಿ ತಗೊಂಡೀರಿ?"

"ಎಷ್ಟ ಮಂದಿ ಅಡ್ಡಾಡಿದ್ರ ಪರವಾನಗಿ ಬೇಕ್ರಿ?"

ಮಲ್ಲೇಶನೂ ಯೋಚನೆಗೆ ಬಿದ್ದ. "ಮಂದಿ ಲೆಕ್ಕ ಅಲ್ರಿ ಅದು. ಘೋಷಣಾ ಕೂಗಿದ್ರ ಮೋರ್ಚಾ."

"ಮತ್ತ ಸುಮ್ಮ ನಡದ್ರ?"

"ಸುಮ್ಮ ನಡದ್ರ..." ಆತ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಸುಮ್ಮ ನಡದ್ರ ವಾಕಿಂಗ್ ಅಂತ ಅನ್ನಬೇಕಾಗತೈತಿ. ನಡೀರಿ, ಆದ್ರ ಲಗೂನ ಮುಗಸ್ರಿ."

ಕಾಡವ್ವ ಬಂದಳು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು. ಮೊಮ್ಮಗಳ ಕೈಯಿಂದ ಪುಡಿಯ ಚೀಲವನ್ನು ಕಸಿದುಕೊಂಡು ತನ್ನ ಟೊಂಕಕ್ಕೆ ತಾನೇ ಕಟ್ಟಿಕೊಂಡಳು. ಎಲ್ಲರೂ ಹಿಂದೆ ನಿಂತರು. ಅಂಗಡಿಯ ಕಟ್ಟೆಯ ಮೇಲೆ ರಾಚಪ್ಪ ಎದ್ದು ನಿಂತ.

ಆಕೆ ನೆಟ್ಟಗೆ ನಡೆದಳು. ಎಲ್ಲರೂ ಎಡಕ್ಕೆ ಸರಿಯುವ ಕಡೆ ಸರಿಯಲಿಲ್ಲ. ಇನ್ನಷ್ಟು ಮುಂದೆ ಹೋಗಿ, ಬಾವಿ ಮುಚ್ಚಿದ ಮೇಲೆ ಕೇರಿಯವರಾರೂ ಅಷ್ಟು ಹತ್ತಿರ ಹೋಗದ ಜಾಗದಲ್ಲಿ ಕಾಡವ್ವ ನಿಂತಳು. ಬಲಗಾಲಿನ ಹೆಬ್ಬೆರಳಿನಿಂದ ನೆಲವನ್ನು ತಡವಿದಳು, ಕತ್ತಲೆಯಲ್ಲಿ ಹೊಸ್ತಿಲನ್ನು ಹುಡುಕುವವರಂತೆ. ಆಮೇಲೆ ನಿಧಾನವಾಗಿ ಎಡಕ್ಕೆ ಹೊರಳಿ, ನಡುವಿನ ನೆಲವನ್ನು ತುಳಿಯದೆ, ಅದರ ಅಂಚನ್ನೇ ಹಿಡಿದು ಸುತ್ತು ಬರತೊಡಗಿದಳು.

"ಆಯಿ! ನೆಟ್ಟಗ ದಾಟಬೇಕಂತ ಕರದೀನಿ!" ಮಯೂರಿ ಕೂಗಿದಳು. "ಇವತ್ತೂ ಸುತ್ತ ಹಾಕ್ತೀಯಲ್ಲ!"

"ಬಾಂವಿ ಮ್ಯಾಲ ಯಾರರೆ ಕಾಲಿಡ್ತಾರೇನ, ಖೋಡಿ? ಕೆಳಗ ನೀರೈತಿ."

ಹಿಂದೆ ನಿಂತಿದ್ದ ಹೈಸ್ಕೂಲು ಮಾಸ್ತರ ವಿಶಾಲನಿಗೆ ತಡೆಯಲಾಗಲಿಲ್ಲ. "ಆಯಿ, ನಾವು ಬೌದ್ಧರು. ಗುಡಿ ಬಿಟ್ಟೇವಿ, ಗುಂಡಾರ ಬಿಟ್ಟೇವಿ. ನೀ ನೋಡಿದ್ರ ಪ್ರದಕ್ಷಿಣಿ ಹಾಕಾಕತ್ತಿ!"

"ದೇವ್ರು ಅಂದ್ನೇನೋ ನಾ? ನೀರು ಅಂದೆ." ಆಕೆ ನಡೆಯುತ್ತಲೇ ಇದ್ದಳು. "ಮದಲ ಅವ್ರು ಹಾಕಿಸಿದ ಸುತ್ತು. ನಾವು ಕುಡದ ಮ್ಯಾಲ ನಾವ ಹಾಕೂ ಸುತ್ತು. ಎರಡೂ ಒಂದ ಅಂತೀಯೇನು? ನಾವು ಸುತ್ತ ಹಾಕಲಿಲ್ಲಂದ್ರ ಇಲ್ಲಿ ಬಾಂವಿ ಇತ್ತಂತ ಯಾರು ನೆಪ್ಪಿಡತಿದ್ರು? ನೆಟ್ಟಗ ದಾಟೂ ಮಂದಿಗೆ ಗೊತ್ತೈತೇನ ಕೇಳು."

ಆ ಮಾತಿಗೆ ಕಟ್ಟೆಯ ಮೇಲಿದ್ದ ರಾಚಪ್ಪನೇ ಉತ್ತರಿಸಿದ. "ನನಗ ಗೊತ್ತೈತ್ರಿ ಆಯಿ. ನೀರ ಕೆಟ್ಟಿತ್ತಂತ, ಅದಕ್ಕ ಮುಚ್ಚಿಸಿದ್ರಂತ ನಮ್ಮಪ್ಪ ಹೇಳತಿದ್ದ."

ಇಷ್ಟು ವರ್ಷ ಆತನನ್ನು ಸಾವಕಾರ್ರ ಎಂದೇ ಕರೆಯುತ್ತ ಬಂದಿದ್ದ ಕಾಡವ್ವ ನಿಂತು, ಆತನನ್ನು ಮೊದಲ ಬಾರಿಗೆ ನೋಡುವವಳಂತೆ ನೋಡಿದಳು.

"ಕೆಡ್ಲಿಲ್ಲೋ ತಮ್ಮಾ," ಎಂದಳು. "ನಾವು ಕುಡದ್ವಿ."

ರಾಚಪ್ಪ ಹಣದ ಗಲ್ಲೆಯ ಮೇಲೆ ತೂಗುಹಾಕಿದ್ದ ಬಸವಣ್ಣನ ಪಟದತ್ತ ಒಮ್ಮೆ ತಿರುಗಿ ನೋಡಿ ಕುಳಿತುಬಿಟ್ಟ.

ಮೊದಲು ಸಂಘಮಿತ್ರಾ ಗೆರೆಯ ಹೊರಬದಿಗೆ ಹೆಜ್ಜೆಯಿಟ್ಟಳು, ಆಮೇಲೆ ಉಳಿದವರು. ವಿಶಾಲ ಮಾಸ್ತರನೂ ಗೊಣಗುತ್ತ ಸೇರಿಕೊಂಡ. ಘೋಷಣೆಯಿರಲಿಲ್ಲ, ಹಾಡಿರಲಿಲ್ಲ, ಚಪ್ಪಲಿಗಳ ಸದ್ದು ಮಾತ್ರ. ಮಯೂರಿ ಮಾಳಿಗೆಯನ್ನೇರಿ ಕೆಳಗೆ ನೋಡಿದಳು. ಗೆರೆ ಒಂದು ಸುತ್ತು ಮುಗಿಸಿ ತನ್ನ ಮೊದಲಿಗೆ ತಾನೇ ಬಂದು ಕೂಡಿತ್ತು. ತಾನು ಅಳುಕು ಎಂದು ಓದಿದ್ದ ಆ ಬಾಗು, ಮುರಿದ ಬಳೆಯ ಒಂದು ತುಣುಕಾಗಿತ್ತು. ಉಳಿದ ತುಣುಕನ್ನು ಅಜ್ಜಿ ಈಗ ಜೋಡಿಸಿದ್ದಳು. ಕೆಳಗೆ, ನೆಲದ ಮೇಲೆ, ಬಾವಿ ಇತ್ತು. ಫೋಟೊ ತೆಗೆಯುವುದು ಆಕೆಗೆ ಬಹಳ ಹೊತ್ತಿನ ಮೇಲೆ ನೆನಪಾಯಿತು.

ಆದರೆ ಪುಡಿಯ ಬಾವಿ ಎಷ್ಟು ದಿನದ್ದು? ಸೋಮವಾರ ಬೆಳಿಗ್ಗೆ ಟ್ರ್ಯಾಕ್ಟರು ಬಂದು ಪೇವರ್ಸ್ ಇಳಿಸಿತು. ಮಯೂರಿ ಓಡುತ್ತ ಬಂದಾಗ ಕೆಲಸದವರು ಆ ಬಿಳಿಯ ಸುತ್ತಿನ ಬಳಿ ನಿಂತು ಚರ್ಚಿಸುತ್ತಿದ್ದರು. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗುರುತು ಹಾಕುವವರು ಅವರ ಲೋಕದಲ್ಲಿ ಒಬ್ಬರೇ: ಎಂಜಿನಿಯರ್ ಸಾಹೇಬರು.

ಮೇಸ್ತ್ರಿ ಕಟ್ಟೆಯತ್ತ ಕೂಗಿದ. "ಸಾವಕಾರ್ರ, ಈ ಮಾರ್ಕ್ ಯಾರ ಹಾಕ್ಯಾರ್ರಿ? ಸಾಹೇಬ್ರು ಬಂದಿದ್ರೇನು?"

ಆ ಜಾಗಕ್ಕಾಗಿ ನಗರಸಭೆಗೆ ಅಲೆದಾಡಿದವನು ರಾಚಪ್ಪನೇ. ತನ್ನ ಗಿರಾಕಿಗಳ ಗಾಡಿಗಳು ಅಲ್ಲಿ ನಿಲ್ಲಬೇಕಿತ್ತು. ಮಯೂರಿ ಆತನನ್ನು ನೋಡಿದಳು. ಆತ ಮಯೂರಿಯನ್ನು ನೋಡಲಿಲ್ಲ. ತಕ್ಕಡಿಯಲ್ಲಿದ್ದ ಮೊಳೆಗಳನ್ನು ಕಾಗದಕ್ಕೆ ಸುರುವಿ, ಪೊಟ್ಟಣ ಕಟ್ಟಿ ಮುಗಿಸಿದ.

"ಬಂದಿದ್ರು," ಎಂದ. "ಅಷ್ಟ ಜಾಗಾ ಬಿಟ್ಟ ಹಾಕ್ರಿ."

ಮಧ್ಯಾಹ್ನದ ಹೊತ್ತಿಗೆ ಪೇವರ್ಸ್ ಸುತ್ತಲೂ ಕೂತಿದ್ದವು, ನಡುವೆ ದುಂಡಗೆ ಮಣ್ಣು ಉಳಿದಿತ್ತು. ಮೊಮ್ಮಗಳು ಕರೆತಂದಳೆಂದು ಕಾಡವ್ವ ಬಂದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಬಹಳ ಹೊತ್ತು ನೋಡಿದಳು. ರಾಚಪ್ಪ ಕಟ್ಟೆಯಿಂದ ಇಳಿದು ಸ್ವಲ್ಪ ದೂರದಲ್ಲಿ ಬಂದು ನಿಂತ.

"ಸಣ್ಣದಾತು," ಎಂದಳು ಕಾಡವ್ವ. "ಮೂಡಲ ಬಾಜೂ ಇನ್ನೊಂದ ಮೊಳ ಇತ್ತು."

"ನೀವ ಗೆರಿ ಹಾಕಿದ್ರಲ್ರಿ ಆಯಿ!"

"ನಡು ನೋಯ್ತಿತ್ತಪಾ. ಸ್ವಲ್ಪ ಒಳಗ ಹೊಳ್ಳಿದೆ."

ರಾಚಪ್ಪ ಮೇಸ್ತ್ರಿಯನ್ನು ಕೂಗಿ ಕರೆದ.