ತೊಳೆದಿಟ್ಟ ಕೊಳವೆ

ರಜೆ ಬಂದಾಗ ಮೌನಿಕಾಳ ಮುಂದೆ ಎರಡೇ ದಾರಿಗಳಿದ್ದವು. ಒಂದು, ಬೆಂಗಳೂರಿನಲ್ಲಿ ನೀಟ್ ಕೋಚಿಂಗು. ಇನ್ನೊಂದು, ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಅವಳಿಗೆ ಬಿ.ಎಸ್ಸಿ. ಪಾಠ ಹೇಳುತ್ತಿದ್ದ ಶೋಭಾರಾಣಿ ಮೇಡಂ ಅವರ ಸಂಶೋಧನೆ: ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಹೆಂಗಸರ ಉಸಿರು ಅಳೆಯುವುದು. ಪಿಯುಸಿ ಆದಮೇಲೆ ಸ್ವಲ್ಪದರಲ್ಲೇ ಮೆಡಿಕಲ್ ಸೀಟು ಕಳೆದುಕೊಂಡ ಹುಡುಗಿ ಕೋಚಿಂಗ್ ಬಿಟ್ಟು ಉಸಿರು ಅಳೆಯಲು ಹೊರಟರೆ ಯಾವ ಅಪ್ಪ ತಾನೇ ಸುಮ್ಮನಿರುತ್ತಾನೆ?

"ಅದಕ್ಕೆ ನೀಟಲ್ಲಿ ಒಂದು ಮಾರ್ಕಾದ್ರೂ ಕೊಡ್ತಾರೇನಮ್ಮ?" ಎಂದರು ಅಪ್ಪ ಮೋಹನ್‌ಬಾಬು.

"ಕೊಡಲ್ಲಪ್ಪ. ಆದ್ರೆ ನಾನು ಇದುವರೆಗೂ ಒಬ್ಬ ಕಾಯಿಲೆಯವರ ಹತ್ರ ಕೂತು ಮಾತಾಡಿಲ್ಲ. ನನ್ ಕೈಲಿ ಆಗುತ್ತಾ ನೋಡ್ಬೇಕು."

"ಸರಿ. ರಜೆ ಮುಗಿಯೋ ಹೊತ್ಗೆ ನಾನೇ ಬಂದು ನೋಡ್ತೀನಿ. ಸುಮ್ನೆ ಕಾಲ ಕಳೆದಿದ್ರೆ ಡಾಕ್ಟ್ರು ಗೀಕ್ಟ್ರು ಅನ್ನೋ ಮಾತು ಅಲ್ಲಿಗೇ ಬಿಡ್ಬೇಕು."

ಹುಡುಗಿ ಧೈರ್ಯವಾಗಿ ಹೂಂ ಎಂದಳು.

ಕೆಲಸ ಕಷ್ಟದ್ದಲ್ಲ. ಸಣ್ಣ ಮೀಟರಿಗೆ ಕಾಗದದ ಕೊಳವೆ ಸಿಕ್ಕಿಸಿ ಜೋರಾಗಿ ಊದಿದರೆ ಮುಳ್ಳು ಮೇಲೇರುತ್ತದೆ. ಆದರೆ ಎಂಜಲಿನ ವಿಚಾರ ಬಂತು ನೋಡಿ, ಒಬ್ಬಳೂ ಬಾಯಿಡಲಿಲ್ಲ. ಮೌನಿಕಾ ಎಲ್ಲರಿಗೂ ಒಂದೊಂದು ಕೊಳವೆ ಹಂಚಿ, "ಇದು ನಿಮ್ದೇ, ವಾರವೆಲ್ಲಾ ನಿಮ್ಹತ್ರಾನೇ ಇರ್ಲಿ" ಎಂದಮೇಲೆ ಊದಿದರು.

ಮೊದಲ ದಿನ ಹೆಚ್ಚುಕಮ್ಮಿ ಎಲ್ಲರದೂ ಚೆನ್ನಾಗಿತ್ತು. ಆಮೇಲೆ ದಿನದಿನಕ್ಕೂ ಎಲ್ಲರ ಉಸಿರೂ ಇಳಿಯತೊಡಗಿತು. ಬೇಯುವ ಗೂಡಿನ ಹಬೆಯೇ ಇದಕ್ಕೆ ಕಾರಣ ಎಂದು ಮೌನಿಕಾ ಕುಣಿದಾಡಿದಳು, ಅಪ್ಪನಿಗೆ ಫೋನೂ ಮಾಡಿದಳು. ಅಪ್ಪ ಕೈವಾರದ ನೆಂಟರಿಗೆಲ್ಲ ಹೇಳಿಕೊಂಡು ಬಂದರು.

ಒಂದು ಬೆಳಿಗ್ಗೆ ನೂಲು ತೆಗೆಯುವ ಶೆಡ್ಡಿಗೆ ಬೇಗ ಹೋದಳು. ಅಲ್ಲಿ ಕೊಂಡಮ್ಮ ಎಂಬ ಹಿರಿಯ ಹೆಂಗಸು ಎಲ್ಲರ ಕೊಳವೆಗಳನ್ನೂ ಬಿಸಿನೀರಿನ ಬಕೆಟ್ಟಿಗೆ ಅದ್ದಿ ಅದ್ದಿ ತೆಗೆಯುತ್ತಿದ್ದಳು.

"ಅಯ್ಯೋ, ಇದೇನು ಮಾಡ್ತಿದೀರಮ್ಮ!"

"ಎಂಜಲು ಕೊಳವೇನ ನಿನ್ ಕೈಗೆ ಹೆಂಗಮ್ಮ ಕೊಡೋದು? ಓದೋ ಹುಡುಗಿ ನೀನು. ದಿನಾ ತೊಳ್ದೇ ಕೊಡೋದು ನಾವು."

ಕೊಳವೆಗಳು ನೆನೆದ ರಸ್ಕಿನಂತೆ ಮೆತ್ತಗಾಗಿದ್ದವು. ಊದಿದ ಗಾಳಿಯೆಲ್ಲ ಪಕ್ಕದಿಂದ ಸೋರಿಹೋಗುತ್ತಿತ್ತು. ಮರ್ಯಾದೆಗೆಂದು ಮಾಡಿದ್ದು! ಯಾರನ್ನು ಬೈಯುವುದು?

ಫೋನಿನಲ್ಲಿ ಮೇಡಂ ಮೊದಲು ನಕ್ಕೇಬಿಟ್ಟರು. "ಅಳ್ಬೇಡ ಕಣೇ. ಒದ್ದೆ ಮಾಡ್ಬೇಡಿ ಅಂತ ನೀನು ಹೇಳ್ಬೇಕಿತ್ತು, ಹೇಳ್ಲಿಲ್ಲ. ಹಳೇದೆಲ್ಲ ಬಿಡು. ಹೊಸ ಕೊಳವೆ ತಗೊಂಡು ಮೊದಲಿಂದ ಶುರು ಮಾಡು." ಮೌನಿಕಾಳಿಗೆ ತಪ್ಪಿಗಿಂತ ಹೆಚ್ಚು ಚುಚ್ಚಿದ್ದು ಬೇರೆ: ಇಷ್ಟು ಜನಕ್ಕೆ ಉಸಿರಿಲ್ಲ ಎಂದು ತಾನು ಖುಷಿಪಟ್ಟೆನಲ್ಲಾ!

ಹೊಸ ಕೊಳವೆ ಬಂದ ಮೇಲೆ ಎಲ್ಲರ ಮುಳ್ಳೂ ಮೇಲೇರಿತು. ಕೊಂಡಮ್ಮನದು ಮಾತ್ರ ಏಳಲೇ ಇಲ್ಲ. ಈ ಸಲ ಮೌನಿಕಾ ಮೀಟರು ಕೆಳಗಿಟ್ಟು ಪಕ್ಕದಲ್ಲಿ ಕೂತಳು.

"ರಾತ್ರಿ ನಿದ್ದೆ ಬರುತ್ತಾಮ್ಮ?"

"ಗೋಡೆಗೆ ಒರಗಿ ಕೂತ್ರೆ ಬರುತ್ತಮ್ಮ. ಮಲಗಿದ್ರೆ ಎದೆ ಕಟ್ಕೊಳ್ಳುತ್ತೆ. ಮೂರು ವರ್ಷ ಆಯ್ತು. ಯಾರು ಕೇಳ್ತಾರೆ ಇದನ್ನೆಲ್ಲ?"

ಮಾರನೆಯ ದಿನವೇ ಮೌನಿಕಾ ಅವಳನ್ನು ಬಸ್ಸು ಹತ್ತಿಸಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಆಸ್ತಮಾ ಎಂದರು. ಇನ್‌ಹೇಲರ್ ಕೊಟ್ಟು, ಹಬೆಯ ಮುಂದೆ ಕೂರಬೇಡ ಎಂದರು. ಮೇಡಂ ಬಂದು ಶೆಡ್ಡಿನ ಯಜಮಾನನ ಹತ್ತಿರ ಮಾತಾಡಿ, ಅವಳನ್ನು ಹಬೆಯಿಂದ ದೂರ ಕೂತು ಒಳ್ಳೆಯ ಗೂಡು ಆರಿಸುವ ಕೆಲಸಕ್ಕೆ ಹಾಕಿಸಿದರು. ಎಲ್ಲರ ಉಸಿರೂ ಕಡಿಮೆ ಎಂದೇ ನಂಬಿ ಕೂತಿದ್ದರೆ ಈ ಒಬ್ಬಳು ಕಾಣುತ್ತಲೇ ಇರಲಿಲ್ಲ. ಮತ್ತೆ ಅಳೆ ಎಂದ ಮೇಡಮ್ಮಿಗೆ ಮೌನಿಕಾ ಮನಸ್ಸಿನಲ್ಲೇ ಕೈಮುಗಿದಳು.

ರಜೆಯ ಕೊನೆಗೆ ಅಪ್ಪ ಶೆಡ್ಡಿಗೇ ಬಂದರು. "ಎಲ್ಲಮ್ಮಾ ನಿನ್ನ ಆ ದೊಡ್ಡ ಸಂಶೋಧನೆ?"

"ಅದು ಸುಳ್ಳಾಯ್ತಪ್ಪ. ಕೊಳವೆ ನೆಂದಿತ್ತು."

ಅಪ್ಪನ ಮುಖ ಸಪ್ಪಗಾಯಿತು. ಇನ್ನೇನು ಮುಗಿಯಿತು ಎಂದುಕೊಂಡು ಮೌನಿಕಾ ತಲೆ ತಗ್ಗಿಸಿದಳು. ಅಷ್ಟರಲ್ಲಿ ಒಳಗಿನಿಂದ ಕೊಂಡಮ್ಮ ಬಂದು ಮೋಹನ್‌ಬಾಬು ಅವರ ಎರಡೂ ಕೈ ಹಿಡಿದುಕೊಂಡಳು.

"ನಿಮ್ ಮಗಳೇನಪ್ಪ? ನಿಮ್ ಹೊಟ್ಟೆ ತಣ್ಣಗಿರ್ಲಿ. ಈಗ ಚಾಪೆ ಮೇಲೆ ಬೆನ್ನು ಹಾಕಿ ಮಲಗ್ತೀನಿ ಕಣಪ್ಪ, ಬೆಳಕು ಹರಿಯೋವರ್ಗೂ ಎಚ್ಚರಾನೇ ಆಗಲ್ಲ."

ಮೋಹನ್‌ಬಾಬು ಮಗಳ ಮುಖ ನೋಡಿದರು. ಆಮೇಲೆ ಕೊಂಡಮ್ಮನ ಕಡೆ ತಿರುಗಿದರು.

"ಇವಳು ಪೂರ್ತಿ ಡಾಕ್ಟ್ರಾಗೋಕೆ ಇನ್ನೂ ಏಳೆಂಟು ವರ್ಷ ಹಿಡಿಯುತ್ತಮ್ಮ."

"ಹಿಡೀಲಿ ಬಿಡಪ್ಪ," ಎಂದಳು ಕೊಂಡಮ್ಮ. "ಅಷ್ಟೊತ್ಗೆ ನಾನೂ ಬದುಕಿರ್ತೀನಲ್ಲ ಈಗ."