ಬೈಲಪ್ಪನ ಎಡಗಿವಿ

ಹಿಂದೂಪುರದ ಬಸ್ಸಿಳಿದು ಸುವರ್ಣಮ್ಮ ಕಲ್ಯಾಣದುರ್ಗದ ಓಣಿಯ ತಿರುವಿಗೆ ಬರುವಷ್ಟರಲ್ಲಿ ತವರುಮನೆಯ ಮುಂದಿನಿಂದ ನಗು ಕೇಳಿಸಿತು. ಅಪ್ಪ ಸತ್ತ ಸುದ್ದಿ ಸುಳ್ಳಿರಬಹುದೇ ಎಂದು ಒಂದು ಗಳಿಗೆ ನಿಂತಳು.

ಸುಳ್ಳಲ್ಲ. ಬೈಲಪ್ಪನನ್ನು ಜಗಲಿಯ ಮೇಲೆ ಗೋಡೆಗೊರಗಿಸಿ ಕೂರಿಸಿದ್ದರು. ದವಡೆ ಜಾರದಂತೆ ತಲೆಯ ಸುತ್ತ ಬಿಳಿ ಬಟ್ಟೆ ಬಿಗಿದಿದ್ದರು. ಅವನೆದುರು, ಹಿಂದೆ ಟೆಂಟು ಸಿನಿಮಾ ನಡೆಸುತ್ತಿದ್ದ ಉಜ್ಜಿನಪ್ಪ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡು, ಬುಗುರಿಯಂತೆ ಒಂದು ಸುತ್ತು ತಿರುಗಿ, "ತಪ್ಪಾಯ್ತಂಡಿ!" ಎಂದ. ಹಾರ ಹಿಡಿದು ನಿಂತವರು ಬಾಯಿಗೆ ಟವೆಲು ಒತ್ತಿಕೊಂಡು ನಕ್ಕರು.

"ಈ ಒಂದು ಡೈಲಾಗಿಗೇ ನಮ್ಮ ಟೆಂಟು ತುಂಬೋದು ಕಣ್ರಪ್ಪ," ಎನ್ನುವಾಗ ಉಜ್ಜಿನಪ್ಪನ ಕಣ್ಣಲ್ಲಿ ನೀರಿತ್ತು. "ಹೀರೋ ಮೊಖ ಯಾವನಿಗೆ ಬೇಕಿತ್ತು?" ಅಷ್ಟರಲ್ಲಿ ಸುವರ್ಣಮ್ಮ ಕಣ್ಣಿಗೆ ಬಿದ್ದಳು. "ಮಗ್ಳು ಬಂದ್ಬುಟ್ಳು. ದಾರಿ ಬಿಡ್ರಿ."

ಅವಳು ಅಪ್ಪನ ಕಡೆ ಒಮ್ಮೆ ನೋಡಿ, ತಾಯಿ ನರಸಕ್ಕನ ಪಕ್ಕ ಹೋಗಿ ಕೂತಳು. ಅಳು ಬರಲಿಲ್ಲ.

"ಅಳಿಯಂದ್ರು?"

"ಸಂಜೆ ಬಸ್ಸಿಗೆ ಬತ್ತಾರಂತೆ."

"ಸಂಜಿಕೆ ಎಲ್ಲಾ ಮುಗ್ದೋಗಿರ್ತೈತೆ ಕಣಮ್ಮ," ಎಂದಳು ನರಸಕ್ಕ.

*

ಕಂಬದೂರಿನ ಹೊಲ ಬಿಟ್ಟು ನಾಟಕ ಕಂಪನಿ ಸೇರಿದಾಗ ಬೈಲಪ್ಪನಿಗಿನ್ನೂ ಮೀಸೆ ಸರಿಯಾಗಿ ಚಿಗುರಿರಲಿಲ್ಲ. ಕಂಪನಿ ಹಿಂದೂಪುರದಲ್ಲಿ ಬೀಡುಬಿಟ್ಟಾಗ, ರಾಜನ ದರ್ಬಾರು ನಡೆಯುತ್ತಿದ್ದಂತೆ ಬೀಡಿ ಸೇದಲು ಎದ್ದುಹೋದವರು ಅವನ ದೃಶ್ಯಕ್ಕೆ ಓಡಿ ಬರುತ್ತಿದ್ದರು. ಎದುರಿನವನು ಬೈದರೆ, ಬೈಗುಳ ಅರ್ಥವಾಗಲು ಹೊತ್ತು ಹಿಡಿಯಿತೆಂಬಂತೆ ಸುಮ್ಮನೆ ನಿಲ್ಲುತ್ತಿದ್ದ. ಜನ ಕಾಯುತ್ತಿದ್ದರು. ಕೊನೆಗೆ ಅವನ ಒಂದು ಹುಬ್ಬು ಮೇಲೇರಿದರೆ ಸಾಕು, ಡೇರೆ ಬಿದ್ದುಹೋಗುವಂತೆ ನಗು.

ಎಮರ್ಜೆನ್ಸಿಯ ವರ್ಷ ಮದರಾಸಿಗೆ ಹೋದ. ಹೋಗುವ ಮೊದಲು ತೆಲುಗನ್ನು ತಿದ್ದಿ ತಿದ್ದಿ ಕಲಿತಿದ್ದ. ಅಲ್ಲಿ ನಿರ್ದೇಶಕ ನಕ್ಕುಬಿಟ್ಟ. "ಆ ಯಾಸೇ ಕಾವಾಲಯ್ಯಾ!" ಬೇಕಾದದ್ದು ಅವನ ಗಡಿಸೀಮೆಯ ಉಚ್ಚಾರಣೆಯೇ. ಪಾತ್ರವೂ ಅಂಥದ್ದೇ: ತೆಲುಗಿನಲ್ಲಿ ಕನ್ನಡ ಬೆರೆಸಿ ಎಡವಟ್ಟು ಮಾತಾಡುವ ಹಳ್ಳಿಯವನು. ಹೀರೋ ಕೆನ್ನೆಗೆ ಬಾರಿಸುತ್ತಾನೆ. ಇವನು ಸುತ್ತು ತಿರುಗಿ "ತಪ್ಪಾಯ್ತಂಡಿ" ಎನ್ನುತ್ತಾನೆ.

ಏಟು ನಿಜವಾಗಿ ಬೀಳದೆ ಶಾಟು ಸರಿಬರುತ್ತಿಲ್ಲ ಎಂದರು. ಹೀರೋನ ಕೈ ಕೆನ್ನೆ ತಪ್ಪಿ ಕಿವಿಗೆ ಬಿತ್ತು. ಮತ್ತೆ ತೆಗೆದರು, ಮತ್ತೆ ಬಿತ್ತು. ಚಿತ್ರ ಓಡಿತು. ಆಮೇಲೆ ಬಂದ ಪ್ರತಿ ಚಿತ್ರದಲ್ಲೂ ಅವನಿಗೆ ಅದೇ ಏಟು, ಅದೇ ಸುತ್ತು, ಅದೇ ಮಾತು. ಅಳುವ ಪಾತ್ರ ಒಂದಾದರೂ ಕೊಡಿ ಎಂದು ಒಮ್ಮೆ ಕೈಮುಗಿದು ಕೇಳಿದ. ಅದನ್ನೂ ತಮಾಷೆಯೆಂದುಕೊಂಡು ನಕ್ಕರು.

ಕಲ್ಯಾಣದುರ್ಗದ ಶಾಲೆಯಲ್ಲಿ ಹುಡುಗಿಯರು ಸುವರ್ಣಮ್ಮನ ಕೆನ್ನೆಗೆ ಹೊಡೆದು, "ಏನಮ್ಮಿ ಅನ್ಬೇಕು ಈಗ?" ಎಂದು ಕೇಳುತ್ತಿದ್ದರು.

*

ಅವಳ ಮದುವೆ ಹಿಂದೂಪುರದ ಛತ್ರದಲ್ಲಿ ನಡೆಯಿತು. ಅಷ್ಟರಲ್ಲಿ ಸಿನಿಮಾದವರು ಬೈಲಪ್ಪನನ್ನು ಕರೆಯುವುದು ನಿಲ್ಲಿಸಿದ್ದರು. ಅವನು ಮತ್ತೆ ನಾಟಕಕ್ಕೆ ಮರಳಿದ್ದ. ಊಟದ ಪಂಕ್ತಿಯ ನಡುವೆ ಗಂಡಿನ ಸೋದರಮಾವ ಎದ್ದುಬಂದು, "ಬೀಗರು ಒಂದ್ಸಲ ತೋರಿಸ್ಬೇಕು," ಎನ್ನುತ್ತಲೇ ಪಾಯಸ ಬಡಿಸುತ್ತಿದ್ದ ಬೈಲಪ್ಪನ ಕೆನ್ನೆಗೆ ಬಾರಿಸಿದ. ಇಡೀ ಪಂಕ್ತಿ ಉಣ್ಣುವುದು ಬಿಟ್ಟು ನೋಡಿತು. ಬೈಲಪ್ಪ ಪಾಯಸದ ಬಕೆಟ್ಟನ್ನು ಕೆಳಗಿಟ್ಟ. ಸುತ್ತು ತಿರುಗಿದ. "ತಪ್ಪಾಯ್ತಂಡಿ," ಎಂದ.

ಹೊರಡುವ ಹೊತ್ತಿಗೆ ಸುವರ್ಣಮ್ಮ ಅವನನ್ನು ಛತ್ರದ ಬಾಗಿಲಲ್ಲಿ ತಡೆದಳು. ಓಲಗ ಜೋರಾಗಿತ್ತು. ಅವಳು ಕೂಗಲಿಲ್ಲ, ಎದುರಿಗೆ ನಿಂತು ಮೆಲ್ಲಗೇ ಹೇಳಿದಳು.

"ನಮ್ಮನೆ ಬಾಗಿಲಿಗೆ ಬರಬ್ಯಾಡ. ನನಗೆ ಅಪ್ಪ ಇಲ್ಲ."

ಅವನು ಅವಳ ತಲೆ ಮುಟ್ಟಿ ನಕ್ಕ. "ಬತ್ತೀನಿ ಕಣಮ್ಮ," ಎಂದು ಹೊರಟ. ಆಮೇಲೆ ಒಮ್ಮೆಯೂ ಬರಲಿಲ್ಲ.

*

ಎತ್ತುವ ಮೊದಲು ಮೈತೊಳೆಯಲು ಹಿತ್ತಲಿಗೆ ತಂದರು. ಪಕ್ಕದ ಮನೆಯ ತಿಪ್ಪಕ್ಕ ಚೆಂಬು ಎತ್ತಿದಾಗ ನರಸಕ್ಕ ತಡೆದು, ಸೆರಗಿನ ಗಂಟಿನಿಂದ ಹತ್ತಿ ತೆಗೆದು ಗಂಡನ ಎಡಗಿವಿಗೆ ತುರುಕಿದಳು.

"ಸತ್ತೋರಿಗೆ ಇದೆಲ್ಲಾ ಯಾಕಕ್ಕ?"

"ಅಭ್ಯಾಸ ಕಣೇ." ನರಸಕ್ಕ ಹತ್ತಿಯನ್ನು ತೆಗೆಯಲಿಲ್ಲ. "ಮದ್ರಾಸಿಂದ ಬಂದಾಗ್ಲಿಂದ ಸೋರ್ತಿತ್ತು. ನೀರು ಬಿದ್ರೆ ರಾತ್ರಿಯೆಲ್ಲಾ ನಳ್ಳೋನು."

"ನಂಗ್ಯಾಕೆ ಹೇಳ್ಲಿಲ್ಲ?" ಎಂದಳು ಸುವರ್ಣಮ್ಮ.

"ಯಾರಿಗೂ ಹೇಳ್ಬ್ಯಾಡ ಅಂದಿದ್ದ. ಕಿವುಡ ಅಂದ್ರೆ ಪಾತ್ರ ಯಾರು ಕೊಡ್ತಾರೆ? ಆಮೇಲಾಮೇಲೆ ಬಲಗಿವೀನೂ ಹೋಯ್ತು. ನಿನ್ನ ಮದ್ವೆ ಹೊತ್ತಿಗೆ ಎರಡೂ ಇರ್ಲಿಲ್ಲ."

ಸುವರ್ಣಮ್ಮ ಬಾವಿಕಟ್ಟೆ ಹಿಡಿದು ಕೂತಳು. ಹಾಗಾದರೆ ಕೇಳಿಸಿಲ್ಲ. ಓಲಗವಿತ್ತು, ತಾನು ಮೆಲ್ಲಗೆ ಹೇಳಿದ್ದಳು, ಅವನಿಗೆ ಕಿವಿಯಿರಲಿಲ್ಲ. ಏನೋ ಒಳ್ಳೆಯದು ಹೇಳಿದಳೆಂದೇ ನಕ್ಕು ಹೋಗಿದ್ದ. ಎದೆಯ ಮೇಲಿಂದ ಚಪ್ಪಡಿ ಎತ್ತಿದಂತಾಗಿ ಅವಳು ಮೊದಲ ಬಾರಿಗೆ ಅತ್ತಳು. ತಿಪ್ಪಕ್ಕ ಬೆನ್ನು ಸವರಿದಳು.

ಚಟ್ಟದ ಮೇಲೆ ಮಲಗಿಸಿ ಹೂ ಹಾಕುತ್ತಿದ್ದಾಗ ಹಾರ್ಮೋನಿಯಂ ಕೇಶವಯ್ಯ ಕೋಲೂರಿಕೊಂಡು ಅವಳ ಬಳಿ ಬಂದ. ಬೈಲಪ್ಪನ ಜೊತೆ ಕೊನೆಯ ತನಕ ನಾಟಕದಲ್ಲಿದ್ದ ಮುದುಕ.

"ಅಳ್ಬ್ಯಾಡಮ್ಮ. ದೊಡ್ಡ ಕಲಾವಿದ. ಕಿವಿ ಹೋದ್ಮ್ಯಾಗೂ ಸ್ಟೇಜ್ ಮ್ಯಾಲೆ ಒಂದು ಮಾತು ತಪ್ಪಿದವನಲ್ಲ."

"ಅದೆಂಗೆ?"

"ತುಟಿ ನೋಡ್ತಿದ್ದ. ಎದ್ರಿಗಿರೋನ ತುಟಿ ಕಂಡ್ರೆ ಸಾಕು, ಎಲ್ಲಾ ತಿಳೀತಿತ್ತು. ಹೋದ ವರ್ಷ ರಾಜನ ಪಾತ್ರದೋನು ಬಾಯಿ ಮುಚ್ಚೋ ಹಂಗೆ ದಪ್ಪ ಮೀಸೆ ಅಂಟಿಸ್ಕಂಡು ಬಂದ್ಬುಟ್ಟ. ನಿಮ್ಮಪ್ಪ ಪೆಕರನಂಗೆ ನಿಂತ್ಕಂಡ. ಜನ ಮೊದ್ಲು ನಕ್ರು, ಆಮ್ಯಾಕೆ ಚಪ್ಲಿ ತೂರಿದ್ರು. ಅದೇ ಕೊನೆ, ಮತ್ತೆ ಬಣ್ಣ ಹಚ್ಲಿಲ್ಲ."

ಸುವರ್ಣಮ್ಮ ಮುಖದಿಂದ ಸೆರಗು ತೆಗೆದಳು. "ನನ್ನ ಮದ್ವೇಲಿ?"

"ಆಗ್ಲೂ ಹಂಗೇ!" ಕೇಶವಯ್ಯನ ಮುಖ ಅರಳಿತು. "ಓಲಗದ ಗದ್ದಲ್ದಾಗೆ ನಾನು ಪಂಕ್ತಿ ಆ ತುದೀಲಿ ಕುಂತು ಬರೀ ಬಾಯಾಡಿಸ್ದೆ, ಪಾಯ್ಸ ಐತಾ ಅಂತ. ಬಕೆಟ್ ಹಿಡ್ಕಂಡು ನನ್ನ ಎಲೆ ಮುಂದಕ್ಕೇ ಬಂದ್ಬುಟ್ಟ ಕಣಮ್ಮ."

ಅಂದು ಛತ್ರದ ಬಾಗಿಲಲ್ಲಿ ಅವಳು ಅಪ್ಪನ ಎದುರಿಗೇ ನಿಂತಿದ್ದಳು. ಹಗಲು ಬೆಳಕಿತ್ತು. ಅವನು ಅವಳ ಮುಖವನ್ನೇ ನೋಡುತ್ತಿದ್ದ.

"ಹೊತ್ತಾಯ್ತು, ಎತ್ತಾನ," ಎಂದ ಉಜ್ಜಿನಪ್ಪ. ನಾಲ್ವರು ಬಗ್ಗಿದರು.

"ಒಂದ್ ಗಳಿಗೆ ಇರ್ರಪ್ಪ."

ಸುವರ್ಣಮ್ಮ ಚಟ್ಟದ ಬಳಿ ಮೊಣಕಾಲೂರಿ ಅಪ್ಪನ ಮುಖದ ನೇರಕ್ಕೆ ಬಗ್ಗಿದಳು. ತುಟಿಗಳು ಆಡಿದವು, ದನಿ ಹೊರಡಲಿಲ್ಲ. ಯಾವುದೋ ಮಂತ್ರವಿರಬೇಕೆಂದು ಹಿಂದೆ ನಿಂತವರು ತಲೆಗೆ ಸುತ್ತಿದ ಟವೆಲು ತೆಗೆದರು. ಅವಳು ಅವನ ರೆಪ್ಪೆಗಳ ಮೇಲೆ ಬಿದ್ದಿದ್ದ ಚೆಂಡುಹೂವಿನ ಎಸಳುಗಳನ್ನು ಒಂದೊಂದಾಗಿ ತೆಗೆದುಹಾಕಿ, ಮುಚ್ಚಿದ ಆ ಕಣ್ಣುಗಳೆದುರು ಮತ್ತೆ ಮೊದಲಿನಿಂದ, ಈ ಸಲ ಇನ್ನೂ ನಿಧಾನವಾಗಿ, ಬಾಯಾಡಿಸತೊಡಗಿದಳು.