ಹಂಚಿನಮನಿ ಡಾಕ್ಟರರ ಚಿಕ್ಕ ಚೌಕ

ನಾನು ಒಂದು ಪರದೆ. ಮನೆಯಲ್ಲಿ ಧಾರಾವಾಹಿ ತೋರಿಸುವ ಜಾತಿಯದಲ್ಲ, ಮನುಷ್ಯರ ಮೈಯೊಳಗನ್ನು ತೋರಿಸುವ ಆಸ್ಪತ್ರೆಯ ಪರದೆ. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಅಲ್ಲಿ ನನಗೆ ಮುಖ್ಯವಾಗಿ ಕಲಿಸಿದ್ದು ಬೂದುಬಣ್ಣ. ಒಲೆಯಿಂದ ಆಗತಾನೇ ತೆಗೆದ ಬೂದಿಗೂ ಮಾರನೆಯ ದಿನದ ತಣ್ಣನೆಯ ಬೂದಿಗೂ ಇರುವ ವ್ಯತ್ಯಾಸವನ್ನು ನಾನು ಬೇರೆ ಬೇರೆಯಾಗಿ ತೋರಿಸಬಲ್ಲೆ. ಒಂದು ಕಾಲಕ್ಕೆ ಇದರ ಬಗ್ಗೆ ನನಗೆ ಬಹಳ ಜಂಬವಿತ್ತು. ಈಗ ಹಿಂದಿನದನ್ನು ನೆನೆದರೆ ಜಂಬಕ್ಕಿಂತ ಮೊದಲು ನಾಚಿಕೆ ಬರುತ್ತದೆ.

ಹಡಗು, ಲಾರಿ, ಗೋದಾಮುಗಳನ್ನು ದಾಟಿ ಕೊನೆಗೆ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಗೆ ಬಂದೆ. ಸ್ಕ್ಯಾನಿಂಗ್ ವಿಭಾಗದ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಹಗಲಲ್ಲೂ ಅಲ್ಲಿ ದೀಪ ಮಂದವಾಗಿರುತ್ತಿತ್ತು. ಪಕ್ಕದ ಕೋಣೆಯ ಯಂತ್ರ ರೋಗಿಯ ಮೈಯನ್ನು ಬ್ರೆಡ್ಡಿನ ಹೋಳುಗಳಂತೆ ತೆಳುವಾಗಿ ಚಿತ್ರ ತೆಗೆದು ಕಳಿಸುತ್ತಿತ್ತು. ಡಾಕ್ಟರರು ನನ್ನ ಮುಂದೆ ಕುಳಿತು ಆ ಹೋಳುಗಳನ್ನು ಒಂದೊಂದಾಗಿ ಸರಿಸಿ ನೋಡಿ, ಕಂಡದ್ದನ್ನು ವರದಿಯಾಗಿ ಬರೆಸುತ್ತಿದ್ದರು.

ಚಿತ್ರ ನೋಡುವ ಸಾಫ್ಟ್‌ವೇರಿನಲ್ಲಿ ಒಂದು ಅನುಕೂಲವಿತ್ತು. ನನ್ನ ಮುಖವನ್ನು ಎಷ್ಟು ಚೌಕಗಳಾಗಿ ಹಂಚಬೇಕು, ಯಾವ ಚೌಕದಲ್ಲಿ ಯಾವ ಚಿತ್ರ ಬರಬೇಕು, ಹಳೆಯ ಸ್ಕ್ಯಾನ್ ಎಲ್ಲಿ, ಹೊಸದು ಎಲ್ಲಿ ಎಂಬುದನ್ನೆಲ್ಲ ಪ್ರತಿ ಡಾಕ್ಟರರೂ ತಮಗೆ ಬೇಕಾದಂತೆ ಹೊಂದಿಸಿ ಇಟ್ಟುಕೊಳ್ಳಬಹುದಿತ್ತು. ಅವರು ತಮ್ಮ ಹೆಸರು ಹಾಕಿ ಒಳಗೆ ಬಂದರೆ ಸಾಕು, ನಾನು ಅವರ ಜೋಡಣೆಗೆ ತಿರುಗುತ್ತಿದ್ದೆ. ಅದಕ್ಕೆ ಅವರು ಲೇಔಟ್ ಎನ್ನುತ್ತಿದ್ದರು. ಕೋಣೆ ಗುಡಿಸಲು ಬರುತ್ತಿದ್ದ ಹೆಂಗಸು ಒಮ್ಮೆ ಆ ಮಾತು ಕೇಳಿ, "ಯಾವ ಲೇಔಟ್‌ನ್ಯಾಗ ಸೈಟ್ ತಗೊಂಡ್ರಿ ಸಾಹೇಬ್ರ?" ಎಂದು ಕೇಳಿದ್ದಳು. ಕೋಣೆಯಲ್ಲಿದ್ದವರೆಲ್ಲ ನಕ್ಕಿದ್ದರು.

ಹೆಚ್ಚು ನಕ್ಕವರು ಗುರುಸಿದ್ಧಪ್ಪ ಹಂಚಿನಮನಿ. ಆ ವಿಭಾಗದ ಹಿರಿಯ ಡಾಕ್ಟರರು, ಎತ್ತರದ ಆಳು, ಗಟ್ಟಿ ದನಿ. ಅವರ ಲೇಔಟ್ ನನಗೆ ಬಲು ಇಷ್ಟವಾಗಿತ್ತು. ನನ್ನ ಮುಖ ಅಂಚಿನಿಂದ ಅಂಚಿಗೆ ತುಂಬಿರುತ್ತಿತ್ತು. ಎಡಕ್ಕೆ ಹಳೆಯ ಸ್ಕ್ಯಾನ್, ಬಲಕ್ಕೆ ಹೊಸದು. ಒಂದನ್ನು ಸರಿಸಿದರೆ ಇನ್ನೊಂದೂ ಜೊತೆಯಲ್ಲೇ ಸರಿಯುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಡಾಕ್ಟರ್ ನಸೀಮಾ ಬೇಪಾರಿಗೆ ಅವರು ಮೊದಲು ಹೇಳಿಕೊಟ್ಟದ್ದೇ ಇದನ್ನು.

"ಹಳೇದು ಎಡಕ್ಕ, ಹೊಸಾದು ಬಲಕ್ಕ. ಬಾಜೂಬಾಜೂ ಇಡಬೇಕು ನಸೀಮಾ. ಬರೇ ಹೊಸಾದ ನೋಡಿದ್ರ ಅದು ಇವತ್ತಿನ ಮಾತಷ್ಟ ಹೇಳತೈತಿ."

ನಸೀಮಾ ತಲೆಯಾಡಿಸಿ ತನ್ನ ಲೇಔಟನ್ನೂ ಹಾಗೆಯೇ ಮಾಡಿಕೊಂಡಳು. ಅವಳು ಮಾತು ಕಡಿಮೆ ಆಡುವ ಹುಡುಗಿ. ನೋಡುವಾಗ ತುಟಿ ಕಚ್ಚಿಕೊಳ್ಳುತ್ತಿದ್ದಳು.

ವಾರಕ್ಕೊಮ್ಮೆ ಬೇರೆ ಬೇರೆ ವಿಭಾಗದ ಡಾಕ್ಟರರು ನನ್ನ ಮುಂದೆ ಸೇರಿ ಕಷ್ಟದ ಕೇಸುಗಳನ್ನು ಚರ್ಚಿಸುತ್ತಿದ್ದರು. ಅಂಥ ಒಂದು ಸಭೆಯಲ್ಲಿ ಹಂಚಿನಮನಿಯವರು ಒಬ್ಬ ಹಿರಿಯ ಸರ್ಜನ್‌ಗೆ ಎಲ್ಲರೆದುರೇ ಹೇಳಿಬಿಟ್ಟರು: "ಕೈ ನಡಗಾಕ ಹತ್ತಿದ ಮ್ಯಾಲ ಕತ್ತರಿ ಹಿಡೀಬಾರದ್ರೀ. ನಾವು ತಿಳಿದು ಬಿಡಬೇಕು, ಮಂದಿ ಬಿಡಿಸೂತನಾ ಕಾಯಬಾರದು." ಆ ಸರ್ಜನ್ ಕೈಗಳನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಎದ್ದುಹೋದರು. ಮತ್ತೆ ಆ ಕೋಣೆಗೆ ಬರಲಿಲ್ಲ. ಮಾತು ಸರಿಯಾಗಿತ್ತು. ಆದರೆ ಆ ಮುಖವನ್ನು ನಾನು ನನ್ನ ಬೆಳಕಿನಲ್ಲೇ ಕಂಡೆ, ಅದು ಇವತ್ತಿಗೂ ನೆನಪಿದೆ.

ಕೆಲವು ವರ್ಷಗಳ ಮೇಲೆ ಹಂಚಿನಮನಿಯವರಲ್ಲಿ ಸಣ್ಣಪುಟ್ಟ ಬದಲಾವಣೆಗಳು ಶುರುವಾದವು. ಬರುವಾಗ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿಟ್ಟ ಚಹಾದ ಕಪ್ಪು ಮೊಣಕೈ ತಗುಲಿ ಬೀಳುತ್ತಿತ್ತು. ಆಮೇಲೆ ನನ್ನ ಮುಖದ ಮೇಲಿನ ಚೌಕಗಳು ಕುಗ್ಗತೊಡಗಿದವು.

ಅದು ನನಗೆ ಅರ್ಥವಾಗಲಿಲ್ಲ. ಕಣ್ಣು ಮಂಜಾದವರು ಚಿತ್ರವನ್ನು ದೊಡ್ಡದು ಮಾಡುತ್ತಾರೆ. ಇವರು ಚಿಕ್ಕದು ಮಾಡುತ್ತಿದ್ದರು. ಮೊದಲು ಅಂಚಿನ ಚೌಕಗಳನ್ನು ತೆಗೆದರು. ಉಳಿದವುಗಳನ್ನು ನಡುವಿಗೆ ಎಳೆದರು. ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು ಕೂತರು. ಕೋಣೆಯಲ್ಲಿ ಯಾರೂ ಇಲ್ಲದಾಗಲೇ ಈ ಕೆಲಸ. ಯಾರಾದರೂ ಬಂದ ಸದ್ದಾದರೆ ಬೇರೆ ಏನನ್ನೋ ತೆರೆದು ನನ್ನನ್ನು ತುಂಬಿಸಿಬಿಡುತ್ತಿದ್ದರು. ಕೊನೆಗೆ ಎಡಬದಿಯ ಹಳೆಯ ಸ್ಕ್ಯಾನ್ ಕೂಡ ಹೋಯಿತು. ಉಳಿದದ್ದು ನಟ್ಟನಡುವೆ ಪೋಸ್ಟ್ ಕಾರ್ಡಿನಷ್ಟು ಒಂದೇ ಚೌಕ. ಅದರ ಸುತ್ತ ಎಲ್ಲ ಕಪ್ಪು.

ಒಂದು ಮಧ್ಯಾಹ್ನ ಅವರು ಕಣ್ಣಿಗೆ ಹನಿ ಹಾಕಿಕೊಂಡು, ತಲೆ ಹಿಂದಕ್ಕೆ ಒರಗಿಸಿ, ಫೋನಿನಲ್ಲಿ ಮಾತಾಡಿದರು. ಆಚೆ ಇದ್ದವರು ಅವರ ಕಣ್ಣಿನ ಡಾಕ್ಟರರಿರಬೇಕು.

"ಹೂಂ, ದಿನಾ ಹಾಕ್ಕೊಳ್ಳಾಕತ್ತೀನಿ. ಗ್ಲಾಕೋಮಾದಾಗ ಹ್ವಾದ ನೋಟ ತಿರುಗಿ ಬರೂದಿಲ್ಲ ಅಂತ ನನಗೂ ಗೊತ್ತೈತ್ರೀ. ನಡುವಿಂದು ಚೊಲೋ ಕಾಣತೈತಿ, ಅಂಚಷ್ಟ ಹೋಗ್ಯಾವ. ಇಲ್ಲಿ ಯಾರಿಗೂ ಹೇಳಿಲ್ಲ. ಹೆಂಗ ಹೇಳ್ಲಿ? ಯಾವ ಬಾಯಿಲೆ ಹೇಳ್ಲಿ?"

ಆಗ ನನಗೆ ತಿಳಿಯಿತು. ಅವರು ಕೊಳವೆಯೊಳಗಿಂದ ನೋಡುವವರಂತೆ ನೋಡುತ್ತಿದ್ದರು. ಆ ಕೊಳವೆಯೊಳಗೆ ಹಿಡಿಸುವಷ್ಟಕ್ಕೆ ನನ್ನನ್ನು ಕುಗ್ಗಿಸಿದ್ದರು. ಆದರೆ ಅಷ್ಟು ಚಿಕ್ಕ ಚಿತ್ರದಲ್ಲಿ ಸಣ್ಣ ಗುರುತುಗಳು ಅಳಿಸಿಹೋಗುತ್ತವೆ. ನಾನು ಕಲಿತ ಅಷ್ಟೊಂದು ಬೂದುಬಣ್ಣಗಳು ಆ ಪೋಸ್ಟ್ ಕಾರ್ಡಿನಲ್ಲಿ ಒಂದರೊಳಗೊಂದು ಕಲಸಿಹೋಗುತ್ತಿದ್ದವು. ನನಗೆ ಬಾಯಿಲ್ಲ. ಹೊಂದಿಸಿದಂತೆ ಹೊಂದಿಕೊಳ್ಳುವುದೇ ನನ್ನ ಬಾಳು.

ಆ ದಿನಗಳಲ್ಲೇ ಕರಿಯಪ್ಪ ಭಜಂತ್ರಿಯ ಎದೆಯ ಸ್ಕ್ಯಾನ್ ಬಂತು. ಕರಿಯಪ್ಪ ಮದುವೆ ಮೆರವಣಿಗೆಗಳ ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುವವನು. ಕೆಮ್ಮು ಬಿಡುತ್ತಿಲ್ಲ ಎಂದು ಬಂದಿದ್ದ. ಹಂಚಿನಮನಿಯವರು ಅವನ ಚಿತ್ರಗಳನ್ನು ಆ ಚಿಕ್ಕ ಚೌಕದಲ್ಲಿ ಎರಡು ಸಲ ಸರಿಸಿ ನೋಡಿದರು. ಅವಸರ ಮಾಡಲಿಲ್ಲ, ಅಷ್ಟನ್ನು ಹೇಳಬೇಕು. ಶ್ವಾಸಕೋಶದಲ್ಲಿ ಗಮನಿಸಬೇಕಾದ ದೋಷವಿಲ್ಲ ಎಂದು ಬರೆಸಿ ಸಹಿ ಹಾಕಿದರು. ಎಡ ಶ್ವಾಸಕೋಶದ ಹೊರ ಅಂಚಿನಲ್ಲಿ ಜೋಳದ ಕಾಳಿನಷ್ಟು ಒಂದು ಬಿಳಿ ಗಂಟು ಇತ್ತು.

ಮದುವೆಯ ಹಂಗಾಮು ಮುಗಿದ ಮೇಲೆ ಕರಿಯಪ್ಪ ಮತ್ತೆ ಬಂದ. ಈ ಸಲ ಕೆಮ್ಮಿನಲ್ಲಿ ರಕ್ತ ಬಿದ್ದಿತ್ತು. ಅವನ ಹೊಸ ಸ್ಕ್ಯಾನ್ ತೆರೆದವಳು ನಸೀಮಾ. ಅವಳ ಲೇಔಟ್ ಹಳೆಯದನ್ನು ತಾನಾಗಿಯೇ ಎಡಕ್ಕೆ ತಂದು ಇಟ್ಟಿತು. ಬಲಕ್ಕೆ ನೆಲ್ಲಿಕಾಯಿಯಷ್ಟು ಗಡ್ಡೆ. ಎಡಕ್ಕೆ, ಅದೇ ಜಾಗದಲ್ಲಿ, ಜೋಳದ ಕಾಳು. ನಸೀಮಾ ತುಟಿ ಕಚ್ಚಿಕೊಂಡಳು. ಹಳೆಯ ವರದಿ ತೆರೆದು ಕೆಳಗಿನ ಹೆಸರು ನೋಡಿದಳು. ಮತ್ತೆ ಚಿತ್ರ ನೋಡಿದಳು. ಆಮೇಲೆ ಹೋಗಿ ಹಂಚಿನಮನಿಯವರನ್ನು ಕರೆದುಕೊಂಡು ಬಂದಳು.

"ಸರ್, ಒಂದ್ ಕೇಸ್ ನೋಡ್ತೀರೇನು?"

ಅವರು ಕೂತು, ರೂಢಿಯಂತೆ ತಮ್ಮ ಹೆಸರು ಹಾಕಿದರು. ಅವಳು ಹಿಂದೆಯೇ ನಿಂತಿದ್ದಾಳೆಂಬುದು ಮರೆತಿತ್ತೋ ಏನೋ. ನಾನು ಅವರ ಲೇಔಟಿಗೆ ತಿರುಗಿದೆ. ಅಷ್ಟು ದೊಡ್ಡ ಕಪ್ಪಿನ ನಡುವೆ ಆ ಚಿಕ್ಕ ಚೌಕ ಬೆಳಗಿತು. ಹಿಂದಿನಿಂದ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ನನಗೆ ಉರಿದು ಆರಿಹೋಗಬೇಕೆನಿಸಿತು. ಒಬ್ಬರು ಮುಚ್ಚಿಟ್ಟುಕೊಂಡದ್ದನ್ನು ಇನ್ನೊಬ್ಬರೆದುರು ತೆರೆದು ಹಿಡಿದವನು ನಾನೇ.

"ಸರ್, ಇದು... ಇಷ್ಟ ಸಣ್ಣದ್ಯಾಕ ಮಾಡೀರಿ?"

ಅವರು ಮೌಸಿನಿಂದ ಕೈ ತೆಗೆದರು.

"ನಮ್ಮ ನಾನಿ ಅಜ್ಜಿಗೂ ಹಿಂಗ ಆಗಿತ್ತು ಸರ್. ಬಾಜೂಕ ನಿಂತ್ರ ನಾವು ಕಾಣತಿದ್ದಿಲ್ಲ. ಎಷ್ಟ ದಿನಾ ಆತು?"

"ಭಾಳ ದಿನಾ ಆತು," ಎಂದರು ಅವರು. ದನಿ ಎಂದಿನಂತಿರಲಿಲ್ಲ. "ಏನ್ ತೋರ್ಸಾಕ ಕರದೀ, ಅದನ್ನ ತೋರ್ಸು."

ಅವಳು ಮೌಸ್ ತೆಗೆದುಕೊಂಡು ಕರಿಯಪ್ಪನ ಹಳೆಯ ಸ್ಕ್ಯಾನನ್ನು ಎಡಕ್ಕೂ ಹೊಸದನ್ನು ಬಲಕ್ಕೂ ಎಳೆದು ನನ್ನನ್ನು ತುಂಬಿದಳು. ಅವರು ಮುಖವನ್ನು ಇತ್ತಿಂದತ್ತ ನಿಧಾನಕ್ಕೆ ತಿರುಗಿಸುತ್ತ, ಚೂರು ಚೂರೇ ನೋಡಿದರು. ಎಡಕ್ಕೆ ಬಂದಾಗ ಮುಖ ಆ ಜೋಳದ ಕಾಳಿನೆದುರು ನಿಂತಿತು.

"ನಾ ಬರಸಿದ್ದೇನು ಇದು?"

"ಹೌದ್ರಿ ಸರ್."

ಆಗ ಅವರು ಹೇಳಿದ ಮಾತು ನನ್ನ ಕಿವಿಗೆ ಬೀಳದಿದ್ದರೆ ಚೆನ್ನಾಗಿತ್ತು. "ನಸೀಮಾ, ಈ ಸಲದ್ದಷ್ಟ ಬರಿ. ಗಡ್ಡಿ ಐತಿ ಅಂತ ಬರಿ. ಹಳೇದರ ಮಾತು ತಗೀಬ್ಯಾಡ. ಅಂವಗ ಬೇಕಾದ್ದು ಇಲಾಜು, ಅದು ಆಗತೈತಿ."

ನಸೀಮಾ ತಲೆ ತಗ್ಗಿಸಿ ನೆಲ ನೋಡುತ್ತ ನಿಂತಳು. ತಪ್ಪು ಮಾಡಿದವಳು ತಾನೇ ಎಂಬಂತೆ ಅವಳ ಮುಖ ಕೆಂಪಾಗಿತ್ತು. ಗುರು ಹಾಗೆ ಕೇಳಿಕೊಂಡದ್ದಕ್ಕೆ ಅವಳಿಗೆ ನಾಚಿಕೆ, ಕೇಳಿಕೊಂಡದ್ದಕ್ಕೆ ಅವರಿಗೂ ನಾಚಿಕೆ. ಅವರು ಕಣ್ಣು ಮುಚ್ಚಿಕೊಂಡರು. ನಾನು ಎರಡೂ ಚಿತ್ರಗಳನ್ನು ಹಿಡಿದುಕೊಂಡೇ ಇದ್ದೆ.

ಕೊನೆಗೆ ಅವರೇ ಎದ್ದರು. "ಅವರು ಹೊರಗ ಅದಾರೇನು? ಒಳಗ ಕರಿ. ನಾನ ಹೇಳತೀನಿ."

ಕರಿಯಪ್ಪ ಬಂದ. ಜೊತೆಗೆ ಹೆಂಡತಿ ಪಾರವ್ವ. ಹಂಚಿನಮನಿಯವರು ಇಬ್ಬರನ್ನೂ ಕೂರಿಸಿ, ತಾವು ನಿಂತು ಮಾತಾಡಿದರು. ಗಡ್ಡೆ ಇದೆ ಎಂದರು. ಹಿಂದಿನ ಸಲವೂ ಇತ್ತು, ಸಣ್ಣದಿತ್ತು, ತಮಗೆ ಕಾಣಲಿಲ್ಲ ಎಂದರು. ತಮ್ಮ ಕಣ್ಣು ಕೆಟ್ಟಿವೆ, ಕೆಟ್ಟದ್ದು ಗೊತ್ತಿದ್ದೂ ತಾವು ನೋಡುತ್ತಿದ್ದುದಾಗಿ ಹೇಳಿದರು.

ಕರಿಯಪ್ಪನಿಗೆ ಪೂರ್ತಿ ತಿಳಿಯಿತೋ ಇಲ್ಲವೋ, "ಇನ್ನ ಊದಾಕ ಬರತೈತೇನ್ರೀ?" ಎಂದಷ್ಟೇ ಕೇಳಿದ.

ಪಾರವ್ವ ಎದ್ದು ನನ್ನ ಹತ್ತಿರ ಬಂದಳು. "ಹಳೇದು ಯಾವದ್ರೀ?" ಎಂದಳು. ನಸೀಮಾ ಎಡಭಾಗ ತೋರಿಸಿದಳು. ಪಾರವ್ವ ನನ್ನ ಗಾಜಿನ ಮೇಲೆ ಬೆರಳಿಟ್ಟಳು. ಆ ಬಿಳಿ ಕಾಳಿನ ಮೇಲೇ ಇಟ್ಟಳು.

"ಇದ ಅಲ್ಲೇನ್ರೀ?"

"ಹೌದವಾ."

"ಬರಿಗಣ್ಣಿಗೆ ನನಗ ಕಾಣಾಕತ್ತೈತಲ್ರೀ ಸಾಹೇಬ್ರ. ಏನೂ ಇಲ್ಲ ಅಂತ ನೀವು ಬರಕೊಟ್ರಿ. ಆ ಕಾಗದಾ ನಂಬಿ ನಾ ಮನ್ಯಾಗ ಕಷಾಯ ಕಾಸಿ ಕುಡಿಸ್ಕೋಂತ ಕುಂತೆ. ದೇವರ ಮುಂದ ದೀಪಾ ಹಚ್ಚಿದೆ, ಏನೂ ಇಲ್ಲ ಅಂದ್ರಲ್ಲ ಅಂತ."

ಹಂಚಿನಮನಿಯವರು ಕೈಮುಗಿದರು. ಪಾರವ್ವ ಆ ಕೈಗಳನ್ನು ನೋಡಲಿಲ್ಲ. ಗಂಡನ ತೋಳು ಹಿಡಿದು ಎಬ್ಬಿಸಿದಳು. "ಮುಂದ ಏನ್ ಮಾಡಬೇಕು ಈ ಅಕ್ಕಾರು ಹೇಳ್ಲಿ," ಎಂದು ನಸೀಮಾಳ ಕಡೆ ತಿರುಗಿದಳು.

ಅವಳ ಬೆರಳಿನ ಗುರುತು ನನ್ನ ಮೇಲೆ ಉಳಿದಿತ್ತು. ಸಂಜೆ ಗುಡಿಸುವ ಹೆಂಗಸು ಅದನ್ನು ಬಟ್ಟೆಯಿಂದ ಒರೆಸಿದಳು.

ಹಂಚಿನಮನಿಯವರು ಅದೇ ದಿನ ಆಡಳಿತದವರಿಗೆ ಎಲ್ಲ ಹೇಳಿ ಕೆಲಸ ಬಿಟ್ಟರು. ಹೋಗುವ ಮುಂಚೆ ಒಂದೇ ಬೇಡಿಕೆ ಇಟ್ಟರು: ಆ ಚಿಕ್ಕ ಚೌಕದಲ್ಲಿ ತಾವು ನೋಡಿದ ಸ್ಕ್ಯಾನುಗಳನ್ನೆಲ್ಲ ಮತ್ತೊಮ್ಮೆ ನೋಡಬೇಕು. ನಸೀಮಾ ವಾರಗಟ್ಟಲೆ ನೋಡಿದಳು. ಅವರು ದಿನವೂ ಬಂದು ಹೊರಗಿನ ಬೆಂಚಿನ ಮೇಲೆ, ರೋಗಿಗಳ ನಡುವೆ ಕೂರುತ್ತಿದ್ದರು. ಬಾಗಿಲು ತೆರೆದಾಗಲೆಲ್ಲ ನನಗೆ ಕಾಣುತ್ತಿದ್ದರು. ಅವಳು ಹೊರಗೆ ಬಂದರೆ ಎದ್ದು ನಿಲ್ಲುತ್ತಿದ್ದರು.

ತಪ್ಪಿಹೋದದ್ದು ಇನ್ನೂ ಎರಡು ಸಿಕ್ಕಿದವು. ಒಂದು ಮೂತ್ರಪಿಂಡದ ಕಲ್ಲು. ಆ ಮನುಷ್ಯನನ್ನು ಕರೆಸಿ ಚಿಕಿತ್ಸೆ ಕೊಟ್ಟರು. ಇನ್ನೊಂದು ಒಬ್ಬ ಅಜ್ಜಿಯ ಹೊಟ್ಟೆಯೊಳಗಿನ ಗಡ್ಡೆ. ಫೋನ್ ಮಾಡಿದರೆ ಮಗಳು ಎತ್ತಿದಳು. ಅಜ್ಜಿ ತೀರಿಕೊಂಡಿದ್ದಳು. ಹಂಚಿನಮನಿಯವರು ಆ ಮನೆಗೆ ಹೋಗಿಬಂದರಂತೆ. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮರುದಿನದಿಂದ ಅವರು ಬೆಂಚಿಗೆ ಬರಲಿಲ್ಲ.

ಕರಿಯಪ್ಪನ ಶ್ವಾಸಕೋಶದ ಒಂದು ಭಾಗವನ್ನು ತೆಗೆದರು. ಅವನು ಬದುಕಿದ. ವರ್ಷವರ್ಷ ಸ್ಕ್ಯಾನಿಗೆ ಬರುತ್ತಿದ್ದ, ನಾನು ಅವನನ್ನು ಒಳಗಿನಿಂದ ನೋಡುತ್ತಿದ್ದೆ. ಕ್ಲಾರಿನೆಟ್ ಬಿಟ್ಟು ಈಗ ತಾಳ ಹಾಕುತ್ತೇನೆಂದು ಒಮ್ಮೆ ನಸೀಮಾಳಿಗೆ ಹೇಳಿದ. ಪಾರವ್ವ ಮಾತ್ರ ಮತ್ತೆಂದೂ ಆ ಕೋಣೆಯೊಳಗೆ ಕಾಲಿಡಲಿಲ್ಲ.

ನನಗೂ ವಯಸ್ಸಾಯಿತು. ವರ್ಷಕ್ಕೊಮ್ಮೆ ಒಬ್ಬ ಎಂಜಿನಿಯರ್ ಬಂದು ನನ್ನ ಮುಖಕ್ಕೆ ಒಂದು ಸಣ್ಣ ಉಪಕರಣ ಅಂಟಿಸಿ ಬೆಳಕು ಅಳೆಯುತ್ತಿದ್ದ. ಕೊನೆಯ ಸಲ ಅಳೆದವನು, "ಇದರ ಬೆಳಕು ಸಾಲಂಗಿಲ್ರೀ ಮೇಡಂ," ಎಂದ. ನಸೀಮಾ ಒಂದು ಗಳಿಗೆ ನನ್ನ ಅಂಚಿನ ಮೇಲೆ ಕೈಯಿಟ್ಟು, ಹೂಂ ಎಂದಳು. ಅವನು ನನ್ನ ಹಣೆಗೆ ಒಂದು ಹಳದಿ ಚೀಟಿ ಅಂಟಿಸಿದ: ರೋಗ ಪತ್ತೆಗೆ ಬಳಸಬಾರದು.

ಈಗ ನಾನು ಸ್ಕ್ಯಾನಿಂಗ್ ಟೆಕ್ನಿಷಿಯನ್ನರ ಕಾಲೇಜಿನ ಮೂಲೆಯಲ್ಲಿದ್ದೇನೆ. ಹುಡುಗ ಹುಡುಗಿಯರು ನನ್ನ ಮೇಲೆ ಚೌಕಗಳನ್ನು ಎಳೆದು, ಕೂಡಿಸಿ, ಕಳೆದು ಲೇಔಟ್ ಮಾಡುವುದನ್ನು ಕಲಿಯುತ್ತಾರೆ. ಇಲ್ಲಿ ಯಾರ ಪ್ರಾಣವೂ ನನ್ನ ಮೇಲೆ ನಿಂತಿಲ್ಲ. ಮೊದಮೊದಲು ಹಣೆಯ ಚೀಟಿಗೆ ಬಹಳ ನಾಚಿಕೆಪಟ್ಟೆ. ಬಂದವರೆಲ್ಲ ಮೊದಲು ಅದನ್ನೇ ಓದುತ್ತಿದ್ದರು.

ಈಗ ಹಾಗನ್ನಿಸುವುದಿಲ್ಲ. ನನಗೆ ಬೆಳಕು ಸಾಲದೆಂದು ಅಳೆದು ಹೇಳಲು ಒಬ್ಬನಿದ್ದ, ಚೀಟಿ ಅಂಟಿಸಲು ಅವನಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ. ಹಂಚಿನಮನಿ ಡಾಕ್ಟರರು ತಮ್ಮ ಚೀಟಿಯನ್ನು ತಾವೇ ಬರೆದು, ತಮ್ಮ ಕೈಯಾರೆ ಹಣೆಗೆ ಅಂಟಿಸಿಕೊಳ್ಳಬೇಕಿತ್ತು. ಅದು ಎಷ್ಟು ಕಷ್ಟವೆಂದು ನಾನು ಎದುರಿಗೇ ಇದ್ದು ಕಂಡಿದ್ದೇನೆ. ತಡವಾಯಿತು, ಒಂದು ಮನೆಯವರಿಗೆ ತೀರಾ ತಡವಾಯಿತು. ಆದರೂ ಕೊನೆಗೆ ಅಂಟಿಸಿಕೊಂಡವರು ಅವರೇ.